ಹಳ್ಳಿ ಎಂದು ಬರೆಯುವಾಗ: ಮಲೆನಾಡಿನ ಎಳೆಯರು ಮತ್ತು ಅಂತರ್ಜಾಲದ ಕನ್ನಡ

ನಿಮ್ಮಲ್ಲಿ ಅನೇಕರು ಮೊಬೈಲಿನಲ್ಲಿ ಕವಿತೆ, ಕಥೆ ಬರೆಯುತ್ತೀರಿ. ಶಿಕ್ಷಕರಿಗೆ ಮಾತ್ರ ತೋರಿಸುವುದಿಲ್ಲ. ಇರಲಿ. ಆ ಪುಟ್ಟ ಪರದೆಯ ಮೇಲೆ ಕನ್ನಡ ಮೂಡಿದ್ದು ಹೇಗೆ, ಅದರಲ್ಲಿ ನಮ್ಮವರ ಪಾಲೆಷ್ಟು ಎಂಬುದನ್ನು ಒಮ್ಮೆ ಕೇಳಿ.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಿಗೆ ಸಾಹಿತ್ಯ ಹೊಸದಲ್ಲ. ಕುಪ್ಪಳಿಯ ಕುವೆಂಪು, ಮೇಳಿಗೆಯ ಅನಂತಮೂರ್ತಿ, 1949ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಂ ನಿಮಗೆ ಗೊತ್ತೇ ಇದೆ. ಶರಾವತಿಯಲ್ಲಿ ಮುಳುಗಿದ ಊರುಗಳ ಸಂಕಟವನ್ನು ಸಾಗರದ ನಾ. ಡಿಸೋಜ ಬರೆದರು. ಆದರೆ ಹೆಸರಿಲ್ಲದ ಹುಡುಗನೊಬ್ಬ ಏನು ಮಾಡಬೇಕಿತ್ತು? ಕಥೆಯನ್ನು ಬೆಂಗಳೂರಿಗೆ ಅಂಚೆಯಲ್ಲಿ ಕಳಿಸಿ, ಅಂಚೆಯಣ್ಣನ ದಾರಿ ಕಾಯಬೇಕಿತ್ತು. ನಾನೂ ಕಾದವನೇ.

ಅಂತರ್ಜಾಲದಲ್ಲಿ ಕನ್ನಡದ ಮೊದಲ ಪತ್ರಿಕೆ ‘ವಿಶ್ವಕನ್ನಡ’ವನ್ನು ಯು.ಬಿ. ಪವನಜ 1996ರಲ್ಲಿ ಆರಂಭಿಸಿದರು. 1998ರಲ್ಲಿ ‘ಬರಹ’ ತಂತ್ರಾಂಶ ಬಂತು. ಆದರೂ ಒಂದು ಕಂಪ್ಯೂಟರಿನಲ್ಲಿ ಬರೆದದ್ದು ಇನ್ನೊಂದರಲ್ಲಿ ಬರೀ ಚೌಕಗಳಾಗಿ ಕಾಣುತ್ತಿತ್ತು. ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಹಟ ಹಿಡಿದದ್ದು ಇದಕ್ಕೇ. (ಉರ್ದುವಿನ ಪಾಡು ಇನ್ನೂ ಕಷ್ಟ. ನಸ್ತಾಲೀಖ್ ಲಿಪಿ ಕಂಪ್ಯೂಟರಿಗೆ ಒಗ್ಗದೆ ಪುಟಗಳನ್ನೇ ಚಿತ್ರವಾಗಿ ಏರಿಸುತ್ತಿದ್ದರು.) ಯೂನಿಕೋಡ್ ಬಳಕೆಗೆ ಬಂದ ಮೇಲೆ ದಾರಿ ಸಲೀಸಾಯಿತು. 2005ರಲ್ಲಿ ‘ಸಂಪದ’, ಕೆಲವೇ ವರ್ಷಗಳಲ್ಲಿ ‘ಅವಧಿ’, ‘ಕೆಂಡಸಂಪಿಗೆ’ ಬಂದವು.

ಕೆಂಡಸಂಪಿಗೆಯನ್ನು ಆರಂಭದಲ್ಲಿ ಕಟ್ಟಿದ ಸಂಪಾದಕರು ಕೊಡಗಿನ ಕಥೆಗಾರ ಅಬ್ದುಲ್ ರಶೀದ್. ಇದನ್ನು ನೀವು ಗಮನಿಸಬೇಕು. ಹಿಂದೆ ಸಾರಾ ಅಬೂಬಕ್ಕರ್ ಅವರ ಬರಹಕ್ಕೆ ‘ಲಂಕೇಶ್ ಪತ್ರಿಕೆ’ ಬಾಗಿಲು ತೆರೆದಿತ್ತು. ಈಗ ಬಾಗಿಲು ತೆರೆಯುವ ಜಾಗದಲ್ಲೇ ನಮ್ಮವರೊಬ್ಬರು ಕುಳಿತಿದ್ದರು.

ನಮ್ಮ ಭಾಗದ ತೊಡಕು ಬೇರೆ. 2021ರಲ್ಲಿ ಮಲೆನಾಡಿನ ಹಳ್ಳಿಗಳವರು ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂದು ಹೋರಾಟಕ್ಕಿಳಿದದ್ದು ನೆನಪಿರಬಹುದು. ಗುಡ್ಡ ಹತ್ತಿ ಸಿಗ್ನಲ್ ಹುಡುಕಿದವರಿಗೆ ಅಂತರ್ಜಾಲ ಸಾಹಿತ್ಯ ದೂರದ ಮಾತು. ಇನ್ನೊಂದು ತೊಡಕು ನಮ್ಮ ಮನೆಗಳಲ್ಲೇ ಇದೆ: ಹೆಣ್ಣುಮಕ್ಕಳ ಕೈಗೆ ಮೊಬೈಲು ಸಿಗುವುದು ಕೊನೆಯಲ್ಲಿ, ಅದೂ ಯಾರಾದರೂ ಇಣುಕುತ್ತಿರುವಾಗ.

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ತಾಯಿಯ ಮೊಬೈಲಿನಿಂದ ನನಗೊಂದು ಕವಿತೆ ಕಳಿಸಿದಳು. ಭಾಷೆ ಕನ್ನಡ, ಅಕ್ಷರ ಇಂಗ್ಲಿಷು. ಕನ್ನಡದಲ್ಲೇ ಬರೆಯಬಾರದೇ ಎಂದು ಕೇಳಿದೆ. “ತಪ್ಪಾಗ್ತದೆ ಸರ್” ಎಂದಳು. ನಮ್ಮ ಉರ್ದುವಿನಲ್ಲಿ ‘ಳ’ ಇಲ್ಲ. ಇಂಗ್ಲಿಷಿನಲ್ಲಾದರೆ ಹಳ್ಳಿಗೂ ಹಲ್ಲಿಗೂ ಅದೇ ಅಕ್ಷರಗಳು, ತಪ್ಪು ಯಾರಿಗೂ ಕಾಣದು!

ಅವಳಿಗೆ ಬಾನು ಮುಷ್ತಾಕ್ ಅವರ ವಿಷಯ ಹೇಳಿದೆ. ಅವರನ್ನು ಎಂಟನೇ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಿಕೊಂಡಾಗ, ಆರು ತಿಂಗಳಲ್ಲಿ ಕನ್ನಡ ಕಲಿಯಬೇಕೆಂಬ ಷರತ್ತಿತ್ತು. 2025ರಲ್ಲಿ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು.

ವಾರ ಕಳೆದು ಕವಿತೆ ಮತ್ತೆ ಬಂತು, ಈ ಸಲ ಕನ್ನಡ ಅಕ್ಷರದಲ್ಲಿ. ತುಮರಿಯ ಅಜ್ಜಿ ಮನೆಗೆ ಲಾಂಚಿನಲ್ಲಿ ಹೊಳೆ ದಾಟುತ್ತಿದ್ದ ದಿನಗಳು ಅದರಲ್ಲಿದ್ದವು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆಯಿತು. ಲಾಂಚಿಗಾಗಿ ಕಾಯುತ್ತಾ ಬೆಳೆದ ಕೊನೆಯ ಮಕ್ಕಳು ಇವರೇ. ಮೂರನೇ ಸಾಲಿನಲ್ಲಿ ಹಳ್ಳಿ ಹಲ್ಲಿಯಾಗಿತ್ತು. ಅದೊಂದನ್ನು ತಿದ್ದಿ, ಉಳಿದದ್ದನ್ನು ಹಾಗೆಯೇ ಬಿಟ್ಟೆ. ಅಂತರ್ಜಾಲ ಪತ್ರಿಕೆಯೊಂದಕ್ಕೆ ಕಳಿಸಲು ಅವಳ ತಾಯಿಯ ಒಪ್ಪಿಗೆ ಕೇಳಿದ್ದೇನೆ.