ಅಮೃತ್‌ಮಹಲ್ ಕಾವಲು: ಕಾಯುವವರಾರು?

ಪರಂಪರೆಯ ಜಾಡು ಎಂದೊಡನೆ ನಮ್ಮ ಕಣ್ಣು ಕರಾವಳಿಯತ್ತ ಹೊರಳುತ್ತದೆ. ಮಿರ್ಜಾನಿನ ಕೋಟೆ, ಬಾರ್ಕೂರಿನ ಬಸದಿ, ಭಟ್ಕಳದ ಹಳೆಯ ಮಸೀದಿ ಮತ್ತು ದೇವಾಲಯಗಳು, ಮಂಗಳೂರಿನ ಸುಲ್ತಾನ್ ಬತ್ತೇರಿ. ಇವುಗಳನ್ನು ಒಂದೇ ದಾರಿಯಲ್ಲಿ ಪೋಣಿಸಿ, ಫಲಕ ನೆಟ್ಟು, ಮುಂದಿನ ತಲೆಮಾರಿಗೆ ಉಳಿಸಲು ಸರ್ಕಾರ ಹಣ ಕೊಡಬೇಕೆಂಬ ಬೇಡಿಕೆ ನ್ಯಾಯವಾದದ್ದೇ. ಆದರೆ ಸುಲ್ತಾನ್ ಬತ್ತೇರಿಯ ಮುಂದೆ ನಿಂತಾಗ ನಾವು ಸಾಮಾನ್ಯವಾಗಿ ಕೇಳದ ಪ್ರಶ್ನೆಯೊಂದಿದೆ. 1783ರಲ್ಲಿ ಟಿಪ್ಪು ಸುಲ್ತಾನರು ಪೂರ್ವದಿಂದ ಪಶ್ಚಿಮಕ್ಕೆ ಒಂದು ತಿಂಗಳಲ್ಲಿ ನಾಡನ್ನು ಹಾದು, ಬಿದನೂರನ್ನು ಮರಳಿ ಗೆದ್ದು, ಘಟ್ಟವಿಳಿದು ಮಂಗಳೂರಿಗೆ ಮುತ್ತಿಗೆ ಹಾಕಿದರಲ್ಲ, ಆ ಫಿರಂಗಿಗಳನ್ನು ಅಲ್ಲಿಯವರೆಗೆ ಎಳೆದವರು ಯಾರು? ಎತ್ತುಗಳು. ಆ ಎತ್ತುಗಳನ್ನು ಸಾಕಿದ್ದು ಯಾವುದು? ಬಯಲುಸೀಮೆಯ ಹುಲ್ಲು.

ಆ ಹುಲ್ಲಿನ ಜಾಡು ಕರಾವಳಿಯಿಂದ ಬಹುದೂರ, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನವರೆಗೂ ಹೋಗುತ್ತದೆ. ನಾಯಕನಹಟ್ಟಿಯ ಸಮೀಪದ ಕುದಾಪುರ ಅಂಥದೊಂದು ಅಮೃತ್‌ಮಹಲ್ ಕಾವಲು. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಬೇಸಿಗೆಯಲ್ಲಿ ನೋಡಿದವರಿಗೆ ಇದು ಬರೀ ಬೋಳು ಬಯಲು. ನಾಲ್ಕು ಮಳೆ ಬಿದ್ದರೆ ಸಾಕು, ಮೊಣಕಾಲುದ್ದ ಹುಲ್ಲು ಏಳುತ್ತದೆ. ಬೇಸಿಗೆಯಲ್ಲಿ ಮಾತ್ರ ನೋಡಿದ ಅಧಿಕಾರಿಗಳು ಇದನ್ನು ‘ಬಂಜರು’ ಎಂದು ಬರೆದುಕೊಂಡಂತಿದೆ.

ಕಾವಲು ಎಂಬ ಮಾತೇ ಇದರ ಇತಿಹಾಸ ಹೇಳುತ್ತದೆ. ಕಾಯ್ದಿಟ್ಟ ಹುಲ್ಲು ನೆಲವೇ ಕಾವಲು. ವಿಜಯನಗರದ ಕಾಲದಲ್ಲಿ ಶ್ರೀರಂಗಪಟ್ಟಣದ ಪ್ರತಿನಿಧಿಯ ಬಳಿಯಿದ್ದ ದನದ ಹಿಂಡು, 1610ರಲ್ಲಿ ರಾಜ ಒಡೆಯರು ಆ ಪಟ್ಟಣವನ್ನು ವಶಪಡಿಸಿಕೊಂಡಾಗ ಮೈಸೂರಿನ ಪಾಲಾಯಿತೆಂದು ಹಳೆಯ ದಾಖಲೆಗಳು ಹೇಳುತ್ತವೆ. 1672ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಅದಕ್ಕೊಂದು ಇಲಾಖೆಯನ್ನೇ ಕಟ್ಟಿದರು. ಅದರ ಹೆಸರು ಬೆಣ್ಣೆ ಚಾವಡಿ. ಅರಮನೆಗೆ ಹಾಲು, ಬೆಣ್ಣೆ ಒದಗಿಸುವುದು ಅದರ ಮೊದಲ ಕೆಲಸ. ಸರ್ಕಾರಿ ದನಗಳಿಗೆ ಅವರ ಹೆಸರಿನ ‘ದೇ’ ಅಕ್ಷರದ ಮುದ್ರೆ ಬೀಳತೊಡಗಿತು.

ಬೆಣ್ಣೆಯಿಂದ ಫಿರಂಗಿಗೆ ಬಂದದ್ದು ಹೈದರಲಿಯವರ ಕಾಲದಲ್ಲಿ. ಹೈದರರ ಬಳಿ ಬೇರೆ ಬೇರೆ ಸೀಮೆಗಳಲ್ಲಿ 60,000 ಎತ್ತುಗಳಿದ್ದವೆಂಬ ಪ್ರತೀತಿಯಿದೆ. ಎರಡೂವರೆ ದಿನಗಳಲ್ಲಿ 100 ಮೈಲಿ ಕ್ರಮಿಸಿ ಅವರ ಸೈನ್ಯ ಚಿದಂಬರದ ರಕ್ಷಣೆಗೆ ಮುಟ್ಟಿದ್ದನ್ನು ಎದುರಾಳಿಗಳಾದ ಇಂಗ್ಲಿಷರೇ ಬರೆದಿಟ್ಟಿದ್ದಾರೆ. ಸೋತ ಕದನಗಳಲ್ಲೂ ತನ್ನ ಫಿರಂಗಿಗಳನ್ನು ಬಿಡದೆ ಹಿಂದಕ್ಕೆ ಎಳೆದೊಯ್ಯುವ ಶಕ್ತಿ ಮೈಸೂರು ಸೈನ್ಯಕ್ಕಿತ್ತು. ಉದ್ದಕ್ಕೆ ಹಿಂದೆ ಬಾಗಿದ ಚೂಪು ಕೊಂಬು, ಬೂದು ಬಣ್ಣ, ಒಣಗಿದಂತೆ ಕಾಣುವ ಆದರೆ ಬಿಗಿಯಾದ ಮೈ, ಸಿಡುಕು ಸ್ವಭಾವ. ಹಳ್ಳಿಕಾರ್ ಮೂಲದ ಈ ತಳಿ ಹಾಲಿಗೆ ಹೆಸರಾದದ್ದಲ್ಲ, ನಡಿಗೆಗೆ ಹೆಸರಾದದ್ದು. 1779ರಲ್ಲಿ ಚಿತ್ರದುರ್ಗದ ನಾಯಕರ ಆಳ್ವಿಕೆ ಕೊನೆಗೊಂಡು ದುರ್ಗದ ಸೀಮೆ ಹೈದರರ ಕೈಸೇರಿದಾಗ, ಈ ಒಣಬಯಲುಗಳೂ ಮೈಸೂರಿನ ಅಂಕೆಗೆ ಬಂದವು.

ಟಿಪ್ಪು ಸುಲ್ತಾನರು ಬೆಣ್ಣೆ ಚಾವಡಿಯ ಹೆಸರನ್ನು ಅಮೃತ್‌ಮಹಲ್ ಎಂದು ಬದಲಿಸಿದರು. ಹಾಗಲವಾಡಿ ಪಾಳೆಯಗಾರರ ದನಗಳನ್ನು ಸೇರಿಸಿ ಹಿಂಡನ್ನು ಬೆಳೆಸಿದರು. ಹೆಸರು ಬದಲಾದದ್ದಕ್ಕಿಂತ ದೊಡ್ಡ ಸಂಗತಿ ಅವರು ಹೊರಡಿಸಿದ ಹುಕುಂನಾಮೆ. ಇಲಾಖೆಯನ್ನು ಹೇಗೆ ನಡೆಸಬೇಕು, ದನಗಳನ್ನು ಹೇಗೆ ನೋಡಿಕೊಳ್ಳಬೇಕು ಎಂಬುದನ್ನೆಲ್ಲ ಅದು ನಿಯಮವಾಗಿ ಹೇಳಿತು. ವರ್ಷಕ್ಕೊಮ್ಮೆ ಹಿಂಡುಗಳ ಹಾಜರಿ ನಡೆಯುವಾಗ ಸುಲ್ತಾನರು ಎಷ್ಟೋ ಸಲ ತಾವೇ ಬಂದು ಚೆನ್ನಾಗಿ ಸಾಕಿದವರಿಗೆ ಇನಾಮು ಹಂಚುತ್ತಿದ್ದರಂತೆ. ಸುಲ್ತಾನರ ಮೇಲೆ ದ್ವೇಷ ಕಾರಿದ ಇಂಗ್ಲಿಷರು ಅವರ ಕೋಟೆಯನ್ನು ಒಡೆದರು, ಗ್ರಂಥ ಭಂಡಾರವನ್ನು ಹೊತ್ತೊಯ್ದರು. ಹುಕುಂನಾಮೆಯನ್ನು ಮಾತ್ರ ಇಟ್ಟುಕೊಂಡರು! ಮುಂದೆ ಅಮೃತ್‌ಮಹಲ್ ನಡೆಸಿದ ಇಂಗ್ಲಿಷ್ ಅಧಿಕಾರಿಗಳಿಗೂ ಅದೇ ಕೈಪಿಡಿಯಾಯಿತು.

ಈ ವ್ಯವಸ್ಥೆಯ ಜೀವಾಳ ದನವಲ್ಲ, ಜಾಡು. ಕಾವಲುಗಳಲ್ಲಿ ಮಳೆಗಾಲದವು, ಚಳಿಗಾಲದವು, ಬೇಸಿಗೆಯವು ಎಂದು ಮೂರು ಬಗೆ. ಮಳೆಗಾಲದ ಕಾವಲಿನಲ್ಲಿ ನೀರು ನಿಂತಿರುವಷ್ಟು ದಿನ ಹಿಂಡು ಅಲ್ಲಿ. ಹುಲ್ಲು ಬಲಿತು ಬೀಜ ಉದುರುವ ಹೊತ್ತಿಗೆ ಮತ್ತೊಂದು ಕಡೆಗೆ. ಬಿಸಿಲೇರಿದಾಗ ಕೆರೆಯಂಗಳ, ಮರದ ನೆರಳು ಇರುವ ಬೇಸಿಗೆ ಕಾವಲಿಗೆ. ಹೀಗೆ ಹಿಂಡು ಹೋದ ನೆಲಕ್ಕೆ ವಿರಾಮ ಸಿಗುತ್ತಿತ್ತು, ಹುಲ್ಲು ಮತ್ತೆ ಚಿಗುರುತ್ತಿತ್ತು. ಒಂದು ಕಾವಲು ತಪ್ಪಿದರೆ ಉಳಿದೆರಡರ ಮೇಲೆ ಭಾರ ಬೀಳುತ್ತದೆ. 19ನೇ ಶತಮಾನದಲ್ಲಿ ಮೈಸೂರು ಸೀಮೆಯಲ್ಲಿ ಇಂಥ 200ಕ್ಕೂ ಹೆಚ್ಚು ಕಾವಲುಗಳಿದ್ದವು. ಇದನ್ನು ಒಂದು ಪರಂಪರೆಯ ಜಾಡು ಎನ್ನದೆ ಇನ್ನೇನೆನ್ನಬೇಕು?

ಸರ್ಕಾರವೊಂದು ಇಂಥದನ್ನು ಕೈಬಿಟ್ಟರೆ ಏನಾಗುತ್ತದೆಂದು ತಿಳಿಯಲು ನಾವು ಊಹೆ ಮಾಡಬೇಕಿಲ್ಲ. ಒಮ್ಮೆ ಆಗಿಹೋಗಿದೆ. 1799ರ ನಂತರ ಹಿಂಡಿನ ಆಡಳಿತ ಹೊಸ ಮೈಸೂರು ಸರ್ಕಾರಕ್ಕೆ ಬಂತು, ಸೊರಗಿತು. 1813ರಲ್ಲಿ ಮದರಾಸು ಸೈನ್ಯದ ಕ್ಯಾಪ್ಟನ್ ಹಾರ್ವೆ ಎಂಬವರ ಕೈಗೆ ಕೊಟ್ಟ ಮೇಲೆ ಚೇತರಿಸಿಕೊಂಡಿತು. ಧೋಂಡಿಯಾ ವಾಘನನ್ನು ಬೆನ್ನಟ್ಟಲು ಈ ಎತ್ತುಗಳನ್ನು ಬಳಸಿದ್ದ ಆರ್ಥರ್ ವೆಲ್ಲೆಸ್ಲಿ, ಮುಂದೆ ಸ್ಪೇನಿನ ಯುದ್ಧದಲ್ಲಿ ಇವು ತನ್ನ ಬಳಿಯಿಲ್ಲವಲ್ಲ ಎಂದು ಹಲುಬಿದನಂತೆ. ಇಷ್ಟೆಲ್ಲ ಆದ ಮೇಲೂ 1860ರಲ್ಲಿ ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲ್ಯನ್ ಅವರಿಗೆ ಇದು ದುಂದುವೆಚ್ಚವಾಗಿ ಕಂಡಿತು. ಇಲಾಖೆ ಮುಚ್ಚಿತು. ಶತಮಾನಗಳ ಕಾಲ ಆಯ್ದು ಬೆಳೆಸಿದ ಹಿಂಡು ಹರಾಜಿಗೆ ಬಂತು. ಈಜಿಪ್ಟಿನ ಪಾಷಾ ಕೂಡ ಒಂದಷ್ಟು ದನಗಳನ್ನು ಕೊಂಡುಹೋದರು. ಕೆಲವೇ ವರ್ಷಗಳಲ್ಲಿ ಸೈನ್ಯಕ್ಕೆ ಒಳ್ಳೆಯ ಎತ್ತು ಸಿಗದಾಯಿತು, ರೈತರ ದನದ ತಳಿಯೂ ಇಳಿಯಿತು. 1866ರಲ್ಲಿ ಅದೇ ಸರ್ಕಾರ, ಮಾರಿದ ದನಗಳ ಪೀಳಿಗೆಯನ್ನು ಹುಡುಕಿ ಹುಡುಕಿ ಕೊಂಡು ಇಲಾಖೆಯನ್ನು ಮತ್ತೆ ತೆರೆಯಿತು. ಹಾಗೆ ತೆರೆಯಲು ಸಾಧ್ಯವಾದದ್ದು ದನ ಹೋದರೂ ನೆಲ ಉಳಿದಿದ್ದರಿಂದ. ಈಗ ಹೋಗುತ್ತಿರುವುದು ನೆಲವೇ.

1882ರಲ್ಲಿ ಅಮೃತ್‌ಮಹಲ್ ಮೈಸೂರು ಸರ್ಕಾರಕ್ಕೆ ಮರಳಿತು. ಇಪ್ಪತ್ತನೆಯ ಶತಮಾನದಲ್ಲಿ ಲಾರಿ, ಟ್ರ್ಯಾಕ್ಟರ್ ಬಂದವು. ಫಿರಂಗಿ ಎತ್ತು ಬೇಡವಾಯಿತು. ಕಾವಲುಗಳಲ್ಲಿ ಒಂದಿಷ್ಟು ಸಾಗುವಳಿಗೆ ಹೋಯಿತು, ಒಂದಿಷ್ಟರಲ್ಲಿ ನೀಲಗಿರಿ ಬೆಳೆಯಿತು, ಒಂದಿಷ್ಟು ಒತ್ತುವರಿಯಾಯಿತು. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರ ಮಾತ್ರ ಹೆಸರು ಉಳಿಸಿಕೊಂಡು ಬಂದಿದೆ. ಅಲ್ಲಿ ಹೋರಿಕರುಗಳ ಹರಾಜಿಗೆ ದೂರದೂರುಗಳ ರೈತರು ಬರುತ್ತಾರೆ.

ಕಾವಲನ್ನು ರಾಜರು ಜನರಿಗಾಗಿ ಕಾಯ್ದರು ಎಂದರೆ ಅತಿಯಾದೀತು. ಅದು ಸೈನ್ಯದ ಮೇವು. ಊರಿನ ದನ ನುಗ್ಗಿದರೆ ದಂಡವಿತ್ತು. ಆದರೂ ಹಿಂಡು ಬೇರೆಡೆಗೆ ಹೋದಾಗ, ಇಲಾಖೆಯ ಕಣ್ಣು ಸಡಿಲವಾದಾಗ, ಮತ್ತು ಕೊನೆಗೆ ಇಲಾಖೆಯೇ ಬಡವಾದಾಗ, ಈ ನೆಲ ಸುತ್ತಲಿನ ಹಳ್ಳಿಗಳ ಬದುಕಾಯಿತು. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಮ್ಯಾಸಬೇಡರು, ಕಾಡುಗೊಲ್ಲರು, ಕುರುಬರು ತಲೆತಲಾಂತರದಿಂದ ದನಕುರಿ ಕಾಯ್ದವರು. ಮ್ಯಾಸಬೇಡರಲ್ಲಿ ದೇವರ ಎತ್ತುಗಳಿವೆ. ಅವುಗಳನ್ನು ನೊಗಕ್ಕೆ ಹೂಡುವುದಿಲ್ಲ, ಮಾರುವುದಿಲ್ಲ, ನೋಡಿಕೊಳ್ಳಲು ಕಿಲಾರಿಗಳಿದ್ದಾರೆ. ಅವರ ಸಾಂಸ್ಕೃತಿಕ ವೀರ ಗಾದ್ರಿ ಪಾಲನಾಯಕ ದನ ಕಾಯ್ದವನು, ಕಾಡುಗೊಲ್ಲರ ಜುಂಜಪ್ಪನೂ ದನ ಕಾಯ್ದವನು. ಕುರುಬರ ಕುರಿ ಉಣ್ಣೆ ಚಳ್ಳಕೆರೆಯ ಕಂಬಳಿಯಾಗುತ್ತದೆ. ಬಡ ಹೆಂಗಸರು ಹಂಚಿಕಡ್ಡಿ ಕೊಯ್ದು ಪೊರಕೆ ಕಟ್ಟಿ ಮಾರುತ್ತಾರೆ. ಕೃಷ್ಣಮೃಗಕ್ಕೂ ತೋಳಕ್ಕೂ ಇದೇ ಮನೆ. ಇದಾವುದೂ ಪಹಣಿಯಲ್ಲಿ ಕಾಣುವುದಿಲ್ಲ.

2007ರಿಂದ ಮೂರ್ನಾಲ್ಕು ವರ್ಷಗಳಲ್ಲಿ ಚಳ್ಳಕೆರೆಯ ಕಾವಲುಗಳ ಸುಮಾರು 10,000 ಎಕರೆಯನ್ನು ಸರ್ಕಾರ ಬೇರೆ ಬೇರೆ ಸಂಸ್ಥೆಗಳಿಗೆ ಕೊಟ್ಟಿತು. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಸುಮಾರು 1,500 ಎಕರೆ. ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಗೆ 4,000ಕ್ಕೂ ಹೆಚ್ಚು. ಉಳ್ಳಾರ್ತಿ ಕಾವಲಿನಲ್ಲಿ ಭಾಭಾ ಪರಮಾಣು ಕೇಂದ್ರಕ್ಕೆ ಸುಮಾರು 1,800. ಇಸ್ರೋಗೆ 500ಕ್ಕೂ ಹೆಚ್ಚು. ಖಾಸಗಿ ಸೌರ ವಿದ್ಯುತ್ ಯೋಜನೆಗೂ ಪಾಲು ಸಿಕ್ಕಿತು. ಬೇಲಿ, ಗೋಡೆ ಏಳುವವರೆಗೆ ತಮಗೆ ವಿಷಯವೇ ತಿಳಿದಿರಲಿಲ್ಲ ಎಂಬುದು ಹಳ್ಳಿಗರ ದೂರು. ಅವರು ಬೀದಿಗಿಳಿದರು. ಪರಿಸರ ಸಂಘಟನೆಗಳು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋದವು. ಪೀಠ 2014ರ ಆಗಸ್ಟ್‌ನಲ್ಲಿ ಯೋಜನೆಗಳನ್ನು ರದ್ದುಪಡಿಸದೆ, ಷರತ್ತುಗಳೊಂದಿಗೆ ಮುಂದುವರಿಯಲು ಬಿಟ್ಟಿತು. 2017ರ ಮೇ ತಿಂಗಳಲ್ಲಿ ಚಾಲಕರಹಿತ ವಿಮಾನಗಳ ಪರೀಕ್ಷಾ ಕೇಂದ್ರ ಉದ್ಘಾಟನೆಯಾಯಿತು.

ನಾವು ವಿಜ್ಞಾನದ ವಿರೋಧಿಗಳಲ್ಲ. ಕುದಾಪುರದ ಆವರಣದಲ್ಲಿ ಗ್ರಾಮೀಣ ಶಾಲೆಗಳ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತಿದೆ, ಅದು ಸಂತೋಷದ ಮಾತು. ದೇಶಕ್ಕೆ ಪ್ರಯೋಗಾಲಯವೂ ಬೇಕು. ಆದರೆ ಬೇರೆಲ್ಲೂ ಸಿಗದ ‘ಖಾಲಿ ಜಾಗ’ ಇಲ್ಲೇ ಏಕೆ ಸಿಕ್ಕಿತು? ನೂರಾರು ವರ್ಷ ಯಾರೂ ಉಳದಂತೆ, ಕಟ್ಟದಂತೆ ಕಾಯ್ದಿದ್ದರಿಂದ ಸಿಕ್ಕಿತು. ಕಾಯ್ದದ್ದೇ ಅದಕ್ಕೆ ಮುಳುವಾಯಿತು.

ಪಕ್ಕದ ಮೊಳಕಾಲ್ಮೂರು ತಾಲ್ಲೂಕಿಗೆ ಹೋಗಿ ನೋಡಿದರೆ ಇದೇ ಸರ್ಕಾರದ ಇನ್ನೊಂದು ಮುಖ ಕಾಣುತ್ತದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವುಗಳನ್ನು ಬೆಳಕಿಗೆ ತಂದರು, 1947ರಲ್ಲಿ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದರು. ಶಾಸನ ಕೆತ್ತಿದ ಚಪಡನೆಂಬ ಲಿಪಿಕಾರ, ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿ ಲಿಪಿಯಲ್ಲಿ ತನ್ನ ವೃತ್ತಿಯ ಹೆಸರನ್ನು ಬರೆದುಕೊಂಡಿದ್ದಾನೆ. ವಾಯವ್ಯದ ಗಡಿನಾಡಿನ ಆ ಲಿಪಿ ಕಲಿತವನು ಇಷ್ಟು ದೂರ ಬಂದದ್ದು ನಮಗೆ ಇವತ್ತಿಗೂ ಬೆರಗು. ಈ ಬಂಡೆಗಳಿಗೆ ಕಾನೂನಿನ ರಕ್ಷಣೆಯಿದೆ. 2010ರ ತಿದ್ದುಪಡಿಯ ಪ್ರಕಾರ ರಾಷ್ಟ್ರೀಯ ಸ್ಮಾರಕದ ಸುತ್ತ 100 ಮೀಟರ್ ಕಟ್ಟಡ ನಿಷೇಧ, ಅದರಾಚೆ ಇನ್ನೂ 200 ಮೀಟರ್ ನಿರ್ಬಂಧ. ಸರಿಯಾದದ್ದೇ. ಪ್ರಾಣಿಗಳ ಮೇಲೆ ದಯೆಯಿರಲಿ ಎಂದು ಸಾರುವ ಬಂಡೆಗೆ ಇಷ್ಟು ಕಾವಲಿದೆ. ಪ್ರಾಣಿಗಳು ಮೇಯುವ ನೆಲಕ್ಕೆ ಒಂದು ಗೇಣೂ ಇಲ್ಲ.

ಇಲ್ಲಿ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾಗದು. 2015ರಿಂದ ರಾಜ್ಯ ಸರ್ಕಾರ ಟಿಪ್ಪು ಜಯಂತಿ ಆಚರಿಸಿತು, 2019ರಲ್ಲಿ ಬಂದ ಸರ್ಕಾರ ನಿಲ್ಲಿಸಿತು. ಆ ನಾಲ್ಕೈದು ವರ್ಷ ಎರಡೂ ಕಡೆಯವರು ಗಂಟಲು ಹರಿದುಕೊಂಡರು. ನಮ್ಮವರೂ ಮೆರವಣಿಗೆ, ಭಾವಚಿತ್ರಗಳಲ್ಲಿ ತೃಪ್ತರಾದರು. ಸುಲ್ತಾನರ ಆಡಳಿತದ ಒಂದು ಜೀವಂತ ಕುರುಹು ಚಳ್ಳಕೆರೆಯಲ್ಲಿ ಬೇಲಿಯೊಳಗೆ ಸೇರುತ್ತಿದ್ದಾಗ ಹೊಗಳುವವರೂ ಬಯ್ಯುವವರೂ ಅತ್ತ ತಿರುಗಿ ನೋಡಲಿಲ್ಲ. ಅದು ಒಡೆಯರದೂ ಹೌದು, ಸುಲ್ತಾನರದೂ ಹೌದು, ಮ್ಯಾಸಬೇಡರದೂ ಹೌದು. ಪ್ರಾಯಶಃ ಜಗಳಕ್ಕೆ ಒದಗದ ಪರಂಪರೆಯಾದ್ದರಿಂದಲೇ ಅದು ಯಾರಿಗೂ ಬೇಡವಾಯಿತು.

ದಾರಿ ಇಲ್ಲವೆಂದಲ್ಲ. ಕಡೂರು ತಾಲ್ಲೂಕಿನ ಬಾಸೂರು ಅಮೃತ್‌ಮಹಲ್ ಕಾವಲನ್ನು ಸರ್ಕಾರವೇ 2011ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿತು. ವಿಸ್ತೀರ್ಣ ಕೇವಲ 736 ಹೆಕ್ಟೇರ್. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿ ಇದಕ್ಕೆ ಅವಕಾಶ ಕೊಟ್ಟಿತು. ಈ ಬಗೆಯ ಮೀಸಲು ಘೋಷಿಸುವ ಮುನ್ನ ಸ್ಥಳೀಯರೊಡನೆ ಸಮಾಲೋಚಿಸಬೇಕು, ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಗಳಿರಬೇಕು ಎನ್ನುತ್ತದೆ ಆ ಕಾಯ್ದೆ. ಊರ ಗೋಮಾಳ, ಕೆರೆಗಳ ಒತ್ತುವರಿ ತೆರವುಗೊಳಿಸಬೇಕೆಂದು ಸುಪ್ರೀಂ ಕೋರ್ಟ್ 2011ರ ಜನವರಿಯಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ. ಕಾನೂನಿಗೆ ಬರವಿಲ್ಲ.

ಕುದಾಪುರದಲ್ಲಿ ಕಟ್ಟಿದ್ದನ್ನು ಕೆಡವಿ ಎಂದು ಇವತ್ತು ಯಾರೂ ಕೇಳುತ್ತಿಲ್ಲ. ಚಳ್ಳಕೆರೆ, ಮೊಳಕಾಲ್ಮೂರಿನಲ್ಲಿ ಉಳಿದಿರುವ ಕಾವಲುಗಳ ಅಳತೆ ನಡೆಯಲಿ, ಗಡಿಕಲ್ಲು ಬೀಳಲಿ. ಬೇಲಿಯೊಳಗೆ ಕಟ್ಟಡವಿಲ್ಲದೆ ಬಿದ್ದಿರುವ ಎಕರೆಗಳಲ್ಲಿ ಹುಲ್ಲು ಬಲಿತ ಮೇಲೆ ಕೊಯ್ದುಕೊಳ್ಳಲು ಸುತ್ತಲ ಹಳ್ಳಿಗಳಿಗೆ ಹಕ್ಕು ಸಿಗಲಿ. ಕುರಿಮಂದೆ ಒಂದು ಬಯಲಿನಿಂದ ಇನ್ನೊಂದಕ್ಕೆ ದಾಟಲು, ಗೋಡೆ ಸುತ್ತಿಕೊಂಡು ಮೈಲುಗಟ್ಟಲೆ ನಡೆಯದಂತೆ, ದಾರಿ ಬಿಡಲಿ. ಮಳೆಗಾಲದಲ್ಲಿ ಕುರಿ ಎಲ್ಲಿಗೆ ಹೋಗುತ್ತದೆ, ಬೇಸಿಗೆಯಲ್ಲಿ ನೀರು ಎಲ್ಲಿದೆ ಎಂಬುದು ಅಲ್ಲಿನ ಕಿಲಾರಿಗಳಿಗೆ, ಕುರಿಗಾಹಿಗಳಿಗೆ ಇನ್ನೂ ಗೊತ್ತಿದೆ. ಜಾಡಿನ ನಕ್ಷೆ ಬರೆಯಲು ಅವರನ್ನು ಕರೆದು ಕೂರಿಸಿದರೆ ಸಾಕು.