ಹ್ಯಾಲಿಯ ಆಕಾಶದಲ್ಲಿ ಕಂಡ ತೂತು

ಅಂಟಾರ್ಕ್ಟಿಕಾದ ಹ್ಯಾಲಿ ಕೊಲ್ಲಿಯಲ್ಲಿ ಬ್ರಿಟಿಷರು 1956ರಲ್ಲಿ ಕಟ್ಟಿದ ನೆಲೆಯಲ್ಲಿ ದಶಕಗಟ್ಟಲೆ ಒಂದು ಕೆಲಸ ತಪ್ಪದೆ ನಡೆಯಿತು: ಡಾಬ್ಸನ್ ಉಪಕರಣದಿಂದ ಓಝೋನ್ ಅಳೆಯುವುದು, ಬರೆದಿಡುವುದು. ಆ ತಾಳ್ಮೆಗೆ ಜಗತ್ತು ಎಷ್ಟು ಋಣಿಯಾದರೂ ಸಾಲದು. ವಿಜ್ಞಾನಿಗಳಾದ ಜೋ ಫಾರ್ಮನ್, ಬ್ರಯಾನ್ ಗಾರ್ಡಿನರ್, ಜೊನಾಥನ್ ಶಾಂಕ್ಲಿನ್ 1985ರ ಮೇ ತಿಂಗಳಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಆ ಅಂಕಿಗಳನ್ನು ಮುಂದಿಟ್ಟರು. ಅಲ್ಲಿನ ವಸಂತದ ಓಝೋನ್ ಭೀಕರವಾಗಿ ಕುಸಿದಿತ್ತು.

ಫ್ರಿಜ್, ಸ್ಪ್ರೇ ಡಬ್ಬಿಗಳ ಸಿಎಫ್‌ಸಿ ಅನಿಲಗಳಿಂದ ಹೊರಬರುವ ಕ್ಲೋರಿನ್ ಓಝೋನನ್ನು ನಾಶಮಾಡಬಲ್ಲದೆಂದು ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲ್ಯಾಂಡ್ 1974ರಲ್ಲೇ ಎಚ್ಚರಿಸಿದ್ದರು. ಆದರೆ ಇಷ್ಟೊಂದು ಹಾನಿ, ಅದೂ ದಕ್ಷಿಣ ಧ್ರುವದ ಮೇಲೆಯೇ ಏಕೆ?

ಉತ್ತರ ಮೋಡಗಳಲ್ಲಿತ್ತು. ಚಳಿಗಾಲದ ಕತ್ತಲಲ್ಲಿ, ಮೈನಸ್ 80 ಡಿಗ್ರಿಯ ಆಸುಪಾಸಿನಲ್ಲಿ, ಸ್ತರಗೋಳದಲ್ಲಿ ಹಿಮ ಮತ್ತು ಆಮ್ಲದ ಸೂಕ್ಷ್ಮ ಕಣಗಳು ಹುಟ್ಟುತ್ತವೆ. ಆ ಕ್ಲೋರಿನ್ ಅನ್ನು ಹಿಡಿದಿಟ್ಟುಕೊಂಡು ಅಲ್ಲಿಯವರೆಗೆ ನಿರುಪದ್ರವಿಗಳಾಗಿದ್ದ ಹೈಡ್ರೋಜನ್ ಕ್ಲೋರೈಡ್ ಮತ್ತು ಕ್ಲೋರಿನ್ ನೈಟ್ರೇಟ್ ಆ ಕಣಗಳ ಮೈಮೇಲೆ ಸಂಧಿಸಿ ಕ್ಲೋರಿನ್ ಅನಿಲವನ್ನು ಹೊರಬಿಡುತ್ತವೆ. ವಸಂತದ ಬಿಸಿಲು ಅದನ್ನು ಸೀಳಿ ರ್‍ಯಾಡಿಕಲ್‌ಗಳನ್ನಾಗಿಸುತ್ತದೆ; ಒಂದೊಂದು ಕ್ಲೋರಿನ್ ಪರಮಾಣುವೂ ಸಾವಿರಾರು ಓಝೋನ್ ಅಣುಗಳನ್ನು ನಾಶಮಾಡಬಲ್ಲದು.

ಈ ವಿವರಣೆಯನ್ನು 1986ರಲ್ಲಿ ಸಂಗಡಿಗರೊಡನೆ ಮಂಡಿಸಿದ ಸುಸಾನ್ ಸಾಲೊಮನ್, ಕಾಗದದ ಲೆಕ್ಕದಿಂದಷ್ಟೇ ತೃಪ್ತರಾಗಲಿಲ್ಲ. ಮೂವತ್ತರ ಆ ವಿಜ್ಞಾನಿ ಅದೇ ವರ್ಷ ಅಂಟಾರ್ಕ್ಟಿಕಾದ ಮ್ಯಾಕ್‌ಮರ್ಡೊ ನೆಲೆಗೆ ತಂಡ ಕಟ್ಟಿಕೊಂಡು ಹೋದರು. ಚಂದ್ರನ ಬೆಳಕನ್ನೂ ಬಳಸಿ ಆಕಾಶದ ಕ್ಲೋರಿನ್ ಸಂಯುಕ್ತಗಳನ್ನು ಅಳೆದರು. ಅವು ನಿರೀಕ್ಷೆಗಿಂತ ಎಷ್ಟೋ ಪಟ್ಟು ಹೆಚ್ಚಿದ್ದವು. ಮರುವರ್ಷ ಸೆಪ್ಟೆಂಬರ್ 16ರಂದು, ಸಿಎಫ್‌ಸಿಗಳಿಗೆ ಕಡಿವಾಣ ಹಾಕುವ ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು.