ನೀರು ಎತ್ತುತ್ತಿದ್ದೋರು ಮೋಟ್ರು ಎತ್ತೋಕೆ ಶುರು ಮಾಡಿದ ಕಥೆ

ನಮ್ಮೂರ ಸರಳ ಯಂತ್ರಗಳು | ಭಾಗ 4

ಹೊಸದುರ್ಗದ ಸುತ್ತಮುತ್ತ ಯಾವುದಾದ್ರೂ ತೋಟದಲ್ಲಿ ಬೋರಿನ ಮೋಟ್ರು ಸುಟ್ಟ ದಿನ ಹೋಗಿ ನೋಡಿ. ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು, ತುದಿಗೆ ಚೈನ್ ಬ್ಲಾಕ್. ಒಬ್ಬರು ಸರಪಳಿ ಎಳೀತಾರೆ, ಇನ್ನೊಬ್ಬರು ಪೈಪ್ ಬಿಚ್ತಾರೆ. ಈಗ ಟ್ರ್ಯಾಕ್ಟರಿಗೆ ಕಟ್ಟಿದ ಯಂತ್ರಗಳೂ ಬಂದಿವೆ, ಆದ್ರೂ ಸರಪಳಿಯ ಕಾಲ ಮುಗಿದಿಲ್ಲ.

ಒಂದು ಲೆಕ್ಕ ಹಾಕಿ. 600 ಅಡಿಗೆ 20 ಅಡಿಯ 30 ಪೈಪು ಬೇಕು. ಒಂದೂಕಾಲು ಇಂಚಿನ ಜಿಐ ಪೈಪು ಮೀಟರಿಗೆ ಸುಮಾರು 3 ಕೆಜಿ. ಪೈಪೇ 550 ಕೆಜಿ ಆಯ್ತು! ಒಳಗಿನ ನೀರು, ಮೋಟ್ರು ಬೇರೆ. ಇಷ್ಟನ್ನ ಇಬ್ಬರು ಎತ್ತೋದು ಹೇಗೆ?

ಇದರ ಉತ್ತರ ನಮ್ಮ ಹಳೇ ಬಾವಿಗಳಲ್ಲೇ ಇತ್ತು.

ಮೊದಲನೆಯದು ಏತ. ನೀರು ಮೇಲೇ ಇದ್ದ ಕಡೆ ಉದ್ದನೆ ಮರದ ತೊಲೆಯನ್ನ ಕಂಬದ ಮೇಲೆ ತೂಗಾಡೋ ಹಾಗೆ ಕೂರಿಸಿ, ಒಂದು ತುದಿ ತಗ್ಗಿಸಿದ್ರೆ ಇನ್ನೊಂದು ತುದಿ ಏಳುತ್ತೆ. ಶಾಲೇಲಿ ಓದಿದ ಸನ್ನೆಗೋಲು ಇದೇ.

ಎರಡನೆಯದು ಕಪಿಲೆ. ಬಾವಿ ಆಳ ಆದಾಗ ರಾಟೆ, ಹಗ್ಗ, ತೊಗಲಿನ ಚೀಲ, ಜೋಡೆತ್ತು. ಎತ್ತುಗಳು ಇಳಿಜಾರಿನಲ್ಲಿ ಇಳಿಯುತ್ತಾ ಎಳೀತಿದ್ವು. ಅವುಗಳ ಮೈಭಾರವೂ ದುಡೀತಿತ್ತು.

ನೀರಿಗೆ ಇಷ್ಟು ಪಾಡು ಯಾಕೆ ಅಂತೀರಾ? ನಮ್ಮ ತಾಲ್ಲೂಕು ದಾಟಿ ಹೋಗೋ ವೇದಾವತಿಗೆ ಹಿರಿಯೂರಿನ ಮಾರಿಕಣಿವೆಯಲ್ಲಿ ಕಟ್ಟಿದ ಅಣೆಕಟ್ಟು 1907ರಲ್ಲಿ ಮುಗೀತು. ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ, ಎರಡನೇ ಸಲ 2022ರಲ್ಲಿ. ನಡುವೆ 89 ವರ್ಷ! ಹೊಳೆಯನ್ನೇ ನಂಬಿ ಕೂರೋಕಾಗದ ಸೀಮೆ ಇದು. ಹಾಗಾಗಿ ನೆಲದೊಳಗೆ ಹುಡುಕಿದ್ವಿ, ಇನ್ನೂ ಆಳಕ್ಕೆ ಹೋದ್ವಿ.

ಆಳ ಹೆಚ್ಚಿದ ಹಾಗೆ ಅಪಾಯವೂ ಬದಲಾಯ್ತು. ಕಪಿಲೆಯ ಹಗ್ಗ ಹರಿದ್ರೆ ಒಂದು ಚೀಲ ನೀರು ಹೋಗ್ತಿತ್ತು. ಬೋರಿನಲ್ಲಿ ಪೈಪು ಜಾರಿದ್ರೆ ಮೋಟ್ರು ತಳ ಸೇರುತ್ತೆ, ಕೆಲವು ಸಲ ಬೋರೇ ಹೋಗುತ್ತೆ. ಅಂದ್ರೆ ಎತ್ತೋದಕ್ಕಿಂತ ಹಿಡಿದು ನಿಲ್ಲಿಸೋದು ದೊಡ್ಡ ಕೆಲಸ.

ಇಂಗ್ಲೆಂಡಿನ ಥಾಮಸ್ ವೆಸ್ಟನ್ 1859ರಲ್ಲಿ ಪೇಟೆಂಟ್ ಪಡೆದ ಸರಪಳಿ ರಾಟೆ ಹಿಡಿದದ್ದು ಈ ಗುಟ್ಟನ್ನೇ. ಒಂದೇ ಅಚ್ಚಿನ ಮೇಲೆ ಸ್ವಲ್ಪವೇ ಗಾತ್ರ ವ್ಯತ್ಯಾಸದ ಎರಡು ಗಾಲಿ. ತುಂಬಾ ಉದ್ದ ಸರಪಳಿ ಎಳೆದ್ರೆ ಭಾರ ಸ್ವಲ್ಪವೇ ಏಳುತ್ತೆ. ಆದ್ರೆ ಕೈ ಬಿಟ್ರೂ ಕೆಳಗೆ ಬೀಳಲ್ಲ.

ಇದರ ತಮ್ಮನೇ ಲಿವರ್ ಹಾಯ್ಸ್ಟ್. ಹ್ಯಾಂಡಲ್ಲು ಏತದ್ದು, ಗಾಲಿ ಕಪಿಲೆಯದ್ದು ಅಂದ್ಕೊಳ್ಳಿ. ಮೇಲಕ್ಕಷ್ಟೇ ಅಲ್ಲ, ಅಡ್ಡಕ್ಕೂ ಎಳೆಯುತ್ತೆ. ‘ಟಕ್ ಟಕ್’ ಅನ್ನೋದು ಹಲ್ಲುಗಾಲಿಗೆ ಕೊಕ್ಕೆ ಬೀಳೋ ಸದ್ದು. ಒಳಗಿನ ಬ್ರೇಕಿಗೆ ಇವತ್ತಿಗೂ ವೆಸ್ಟನ್ ಬ್ರೇಕ್ ಅಂತಲೇ ಹೆಸರು. ಭಾರ ಜಾರೋಕೆ ನೋಡಿದಷ್ಟೂ ಬ್ರೇಕಿನ ಬಿಲ್ಲೆಗಳು ಬಿಗಿಯಾಗಿ ಒತ್ತಿಕೊಳ್ತವೆ.

ಈಗ ಮುಖ್ಯ ಮಾತು. ಹ್ಯಾಂಡಲ್ ಗಟ್ಟಿಯಾದ್ರೆ ಅದಕ್ಕೆ ಪೈಪ್ ತೂರಿಸಿ ಎಳೆಯೋದನ್ನ ನೋಡಿರ್ತೀರಿ. ದಯವಿಟ್ಟು ಬೇಡ. ಆ ಹ್ಯಾಂಡಲ್ಲಿನ ಉದ್ದ ಲೆಕ್ಕ ಹಾಕಿ ಇಟ್ಟದ್ದು. ಒಬ್ಬರ ಕೈಬಲಕ್ಕೆ ಬಗ್ಗಲಿಲ್ಲ ಅಂದ್ರೆ ‘ಭಾರ ಜಾಸ್ತಿ ಆಯ್ತು, ಇಲ್ಲಾ ಎಲ್ಲೋ ಸಿಕ್ಕಿಹಾಕ್ಕೊಂಡಿದೆ’ ಅಂತ ಯಂತ್ರವೇ ಹೇಳ್ತಿದೆ. ಪೈಪ್ ತೂರಿಸೋದು ಅಂದ್ರೆ ಅದರ ಬಾಯಿ ಮುಚ್ಚಿಸಿದ ಹಾಗೆ. ಆಮೇಲೆ ಹರಿಯೋದು ಸರಪಳಿ. ನೇತಾಡೋ ಭಾರದ ಕೆಳಗಂತೂ ಯಾರೂ ನಿಲ್ಲಬಾರದು.

ನಮ್ಮ ಹಿಂದಿನವರು ನೀರು ಎತ್ತುತ್ತಿದ್ರು. ನಾವು ನೀರೆತ್ತೋ ಮೋಟ್ರನ್ನೇ ಎತ್ತುತ್ತಿದ್ದೀವಿ. ನಡುವೆ ನೀರು ಎಷ್ಟು ಕೆಳಗೆ ಹೋಯ್ತು ಅನ್ನೋದಕ್ಕೆ ಈ ಸರಪಳಿಯೇ ಅಳತೆ.

ಇವತ್ತು ಮನೇಲಿ ಅಜ್ಜನ್ನೋ ಅಜ್ಜಿನ್ನೋ ಕೇಳಿ: ‘ನಮ್ಮ ಬಾವಿ ಎಷ್ಟು ಮಟ್ಟು ಇತ್ತು?’ ಪಕ್ಕದಲ್ಲೇ ಈಗಿನ ಬೋರಿನ ಅಡಿಯನ್ನೂ ಬರೆದು ಕಾಮೆಂಟಿನಲ್ಲಿ ಹಾಕಿ.

#ಹೊಸದುರ್ಗ #ಏತ_ಕಪಿಲೆ #ನಮ್ಮೂರ_ಸರಳ_ಯಂತ್ರಗಳು